ತೋಟದ ಎಟಿವಿಯ ಚಕ್ರಗಳಿಗೆ ಮನೆಯಲ್ಲಿಯೇ ಬಣ್ಣ ಹೊಡೆಯುವುದು: ಕಳೆದ ಮಳೆಗಾಲದಲ್ಲಿ ಕೆಟ್ಟ ಕೆಲಸವನ್ನು ಸರಿಪಡಿಸಿಕೊಳ್ಳಲು ಸಲಹೆ ಬೇಕು

ಗೋಣಿಬೀಡಿನ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ತಾಲ್ಲೂಕಿನ ಗೋಣಿಬೀಡಿನ ಹತ್ತಿರ ನಮ್ಮದೊಂದು ಕಾಫಿ ತೋಟವಿದೆ. ಜೀಪು ಇಳಿಯಲಾರದ ಇಳಿಜಾರಿನ ಭಾಗಕ್ಕೆ ಗೊಬ್ಬರದ ಚೀಲ ಮತ್ತು ಔಷಧಿಯ ಡ್ರಮ್ಮುಗಳನ್ನು ಒಯ್ಯಲು, ಕುಯ್ಲಿನ ಕಾಲದಲ್ಲಿ ಹಣ್ಣಿನ ಮೂಟೆಗಳನ್ನು ಮೇಲಕ್ಕೆ ತರಲು ನಾಲ್ಕು ವರ್ಷಗಳ ಹಿಂದೆ ಒಂದು ಹಳೆಯ ಎಟಿವಿ (ಒರಟು ನೆಲದ ಮೇಲೆ ಓಡುವ ನಾಲ್ಕು ಚಕ್ರದ ಸಣ್ಣ ಗಾಡಿ) ಕೊಂಡೆ. ನೋಂದಣಿ ಇಲ್ಲದ ಗಾಡಿಯಾದ್ದರಿಂದ ಅದು ತೋಟದ ಗೇಟು ದಾಟುವುದಿಲ್ಲ. ನಾಲ್ಕೂ ಚಕ್ರಗಳು 12 ಇಂಚಿನ ಉಕ್ಕಿನ ರಿಮ್‌ಗಳು.

ಕಳೆದ ವರ್ಷ ಜೂನ್ ಎರಡನೆಯ ವಾರದಲ್ಲಿ, ಮಳೆ ಹಿಡಿದು ತೋಟದ ಕೆಲಸ ನಿಂತಿದ್ದಾಗ, ಬಿಡುವಾಗಿದ್ದೇನೆಂದು ಶೆಡ್ಡಿನಲ್ಲಿ ಕುಳಿತು ಈ ರಿಮ್‌ಗಳಿಗೆ ಕಪ್ಪು ಬಣ್ಣ ಹೊಡೆದೆ. ತಂತಿ ಬ್ರಷ್ಷಿನಿಂದ ತುಕ್ಕು ಕೆರೆದು, ಪೆಟ್ರೋಲಿನಲ್ಲಿ ಒರೆಸಿ, ಅಂಗಡಿಯಲ್ಲಿ ಸಿಗುವ ಸ್ಪ್ರೇ ಕ್ಯಾನಿನಿಂದ ಒಂದೇ ದಿನದಲ್ಲಿ ನಾಲ್ಕೂ ಚಕ್ರ ಮುಗಿಸಿದೆ. ಸಂಜೆಗೆ ಅವು ಹೊಸದರಂತೆ ಹೊಳೆಯುತ್ತಿದ್ದವು. ಗಣೇಶನ ಹಬ್ಬದ ಹೊತ್ತಿಗೆ ಬಣ್ಣ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಹಾಳೆ ಹಾಳೆಯಾಗಿ ಎದ್ದುಬಂತು. ಎದ್ದ ಕಡೆ ಉಗುರಿನಿಂದ ಕೆರೆದು ನೋಡಿದರೆ ಕೆಳಗೆ ಕಂದು ತುಕ್ಕಿನ ನಡುವೆ ಅಲ್ಲಲ್ಲಿ ತಾಮ್ರದ ಪಾತ್ರೆಯ ಹಾಗೆ ಕೆಂಪು ಮಿನುಗುವ ಚುಕ್ಕೆಗಳಿದ್ದವು. ಅದೇನೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ ಸಂಗತಿ ಇನ್ನೊಂದಿದೆ. ಬಣ್ಣ ಹೊಡೆದು ಹದಿನೈದು ದಿನಗಳಾದ ಮೇಲೆ ಇಳಿಜಾರಿನಲ್ಲಿ ಎಡ ಹಿಂದಿನ ಚಕ್ರ ಟಕಟಕ ಸದ್ದು ಮಾಡತೊಡಗಿತು. ಇಳಿದು ನೋಡಿದರೆ ನಾಲ್ಕು ನಟ್‌ಗಳಲ್ಲಿ ಎರಡು ಬರಿಗೈಯಲ್ಲೇ ತಿರುಗುತ್ತಿದ್ದವು. ಸ್ಪ್ಯಾನರಿನಿಂದ ನಾನೇ ಬಿಗಿ ಮಾಡಿದ್ದೆ, ಅದರಲ್ಲಿ ಅನುಮಾನವಿಲ್ಲ. ಅದೇ ಚಕ್ರದ ಗಾಳಿಯೂ ಮೂರು ದಿನಕ್ಕೊಮ್ಮೆ ಇಳಿಯುತ್ತದೆ, ಆದರೆ ಪಂಕ್ಚರ್ ಇಲ್ಲ.

ಈ ಸಲ ಸರಿಯಾಗಿ ಮಾಡಬೇಕೆಂದಿದ್ದೇನೆ. ಟೈರ್ ಬಿಚ್ಚಲೇಬೇಕೆ, ಯಾವ ಪ್ರೈಮರ್ ಹೊಡೆಯಬೇಕು, ಯಾವ ತಿಂಗಳಿನಲ್ಲಿ ಹಿಡಿಯಬೇಕು ಎಂಬುದನ್ನು ತಿಳಿದವರು ದಯವಿಟ್ಟು ಬರೆಯಿರಿ.

ಹಾಸನದ ಪೇಂಟರ್

ನಾನು ಹಾಸನದ ಗ್ಯಾರೇಜೊಂದರಲ್ಲಿ ಹದಿನಾಲ್ಕು ವರ್ಷ ಬಣ್ಣದ ಕೆಲಸ ಮಾಡಿದವನು. ಮಿಕ್ಕದ್ದೆಲ್ಲ ಆಮೇಲಿರಲಿ, ಮೊದಲು ನಟ್‌ಗಳ ವಿಷಯ ಹೇಳುತ್ತೇನೆ. ಅದನ್ನು ಓದಿ ಮುಗಿಸುವವರೆಗೆ ಆ ಗಾಡಿಯನ್ನು ದಯವಿಟ್ಟು ಇಳಿಜಾರಿಗೆ ಇಳಿಸಬೇಡಿ.

ರಿಮ್ಮಿನ ಒಳಮುಖ ಹಬ್ಬಿಗೆ (ಚಕ್ರವನ್ನು ಸಿಕ್ಕಿಸುವ ಅಚ್ಚಿನ ತುದಿಯ ಭಾಗಕ್ಕೆ) ಒತ್ತಿ ಕೂರುವ ಜಾಗ, ಮತ್ತು ನಟ್ ಬಂದು ಕೂರುವ ಇಳಿಜಾರಾದ ರಂಧ್ರದ ಬಾಯಿ, ಇವೆರಡಕ್ಕೂ ಬಣ್ಣ ತಾಗಬಾರದು. ನಟ್ಟನ್ನು ಬಿಗಿ ಮಾಡಿದಾಗ ಬೋಲ್ಟು ಕೂದಲೆಳೆಯಷ್ಟು ಎಳೆದುಕೊಂಡು ನಿಲ್ಲುತ್ತದೆ, ಆ ಎಳೆತವೇ ಚಕ್ರವನ್ನು ಹಬ್ಬಿಗೆ ಕಚ್ಚಿ ಹಿಡಿಯುತ್ತದೆ. ನಡುವೆ ದಪ್ಪನೆಯ ಬಣ್ಣದ ಪದರವಿದ್ದರೆ, ಗಾಡಿ ಕುಲುಕಿದಂತೆ ಅದು ನಜ್ಜಿ ಹಿಂಡಿಹೋಗಿ ತೆಳುವಾಗುತ್ತದೆ, ಬೋಲ್ಟಿನ ಎಳೆತ ಅಷ್ಟಕ್ಕಷ್ಟು ಸಡಿಲವಾಗುತ್ತದೆ. ನೀವು ಬಿಗಿ ಮಾಡಿದ್ದು ಖಂಡಿತ ನಿಜ, ಆದರೆ ನೀವು ಬಿಗಿ ಮಾಡಿದ್ದು ಬಣ್ಣದ ಮೇಲೆ. ಆದ್ದರಿಂದ ಇವತ್ತೇ ನಾಲ್ಕೂ ಚಕ್ರ ಬಿಚ್ಚಿ, ಆ ಜಾಗಗಳನ್ನು ಲೋಹ ಕಾಣುವವರೆಗೆ ಉಜ್ಜಿ, ಗಾಡಿಯ ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಎದುರುಬದುರು ನಟ್‌ಗಳನ್ನು ಸರದಿಯಂತೆ ಬಿಗಿ ಮಾಡಿ. ಒಂದು ದಿನ ತೋಟದಲ್ಲಿ ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಇನ್ನು ಬಣ್ಣ ಎದ್ದುಬಂದ ಕಾರಣ. ನೀವು ಜೂನ್ ಎಂದು ಬರೆದ ಕೂಡಲೇ ನನಗೆ ಅರ್ಧ ಉತ್ತರ ಸಿಕ್ಕಿತು. ಬಣ್ಣದೊಳಗಿನ ತಿನ್ನರ್ ಆರುವಾಗ ಲೋಹದ ಮೈಯನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ತೇವ ತುಂಬಿರುವಾಗ ಆ ತಣ್ಣನೆಯ ಮೈಯ ಮೇಲೆ, ಫ್ರಿಜ್ಜಿನಿಂದ ತೆಗೆದ ಲೋಟದ ಹೊರಗೆ ಮೂಡುವಂತೆ, ಕಣ್ಣಿಗೆ ಕಾಣದ ಬೆವರು ಮೂಡುತ್ತದೆ, ಬಣ್ಣ ಅದರ ಮೇಲೆ ಕೂರುತ್ತದೆ. ವಾತಾವರಣದ ತೇವಾಂಶ 85 ಪ್ರತಿಶತ ಮೀರಿದರೆ ಬಣ್ಣದ ಕೆಲಸ ಹಿಡಿಯಬಾರದೆಂಬುದು ನಮ್ಮ ಕಸುಬಿನ ಸಾಮಾನ್ಯ ನಿಯಮ. ಮಳೆಗಾಲದ ಮೂಡಿಗೆರೆಯಲ್ಲಿ ಅದಕ್ಕಿಂತ ಕಡಿಮೆಯಿರುವ ಹೊತ್ತು ಸಿಗುವುದೇ ಅಪರೂಪ. ಮಾಪಕವಿಲ್ಲದವರಿಗೆ ಸುಲಭದ ಪರೀಕ್ಷೆಯೊಂದಿದೆ. ಒದ್ದೆ ಬಟ್ಟೆಯಿಂದ ರಿಮ್ಮಿನ ಮೇಲೆ ಅಂಗೈಯಗಲ ಒರೆಸಿರಿ. ಆ ತೇವ ಕಾಲು ಗಂಟೆಯೊಳಗೆ ತಾನಾಗಿ ಆರಿದರೆ ಬಣ್ಣ ಹೊಡೆಯಬಹುದು, ಆರದಿದ್ದರೆ ಡಬ್ಬ ಮುಚ್ಚಿಡಿ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಡಿಸೆಂಬರಿನಿಂದ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮೊದಲ ಮಳೆ) ಬೀಳುವವರೆಗೆ, ಬೆಳಗಿನ ಇಬ್ಬನಿ ಪೂರ್ತಿ ಆರಿದ ಹತ್ತು ಗಂಟೆಯಿಂದ ಮಧ್ಯಾಹ್ನ ಮೂರರವರೆಗಿನ ಸಮಯ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಉಳಿದರ್ಧ ಉತ್ತರ ಪೆಟ್ರೋಲು. ಅದು ಆರಿದ ಮೇಲೂ ಜಿಡ್ಡಿನ ಅಂಶ ಉಳಿಯುತ್ತದೆ. ಬೆಂಕಿಯ ಭಯ ಬೇರೆ. ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ತಿನ್ನರಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಿ ತೆಗೆಯಿರಿ. ಒರೆಸಿದ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಇದು ಮುಗಿಯುವುದಿಲ್ಲ. ಟೈರಿಗೆ ಹೊಳಪಿನ ಪಾಲಿಶ್ ಹಾಕುವ ಅಭ್ಯಾಸವಿದ್ದರೆ ಇನ್ನೂ ಎಚ್ಚರ ಬೇಕು, ಏಕೆಂದರೆ ಅದರಲ್ಲಿರುವ ಸಿಲಿಕಾನ್ ರಿಮ್ಮಿಗೆ ಒಂದು ಹನಿ ತಾಗಿದರೂ ಬಣ್ಣ ಅಲ್ಲಿ ಮೀನಿನ ಕಣ್ಣಿನಂತೆ ಗುಳಿಬಿದ್ದು ಬಿಟ್ಟುಕೊಳ್ಳುತ್ತದೆ.

ತುಕ್ಕನ್ನು ಗ್ರೈಂಡರಿಗೆ ಹಾಕುವ ತಂತಿಯ ಕಪ್ ಬ್ರಷ್ಷಿನಿಂದ ತೆಗೆಯಿರಿ. ಕನ್ನಡಕ ಹಾಕಿಕೊಳ್ಳದೆ ಅದನ್ನು ಮುಟ್ಟಬೇಡಿ, ಬಿಡಿ ತಂತಿ ಸೂಜಿಯಂತೆ ಹಾರುತ್ತದೆ. ನಂತರ 80, 120, 220 ನಂಬರಿನ ಉಪ್ಪು ಕಾಗದ. ಹಳೆಯ ಬಣ್ಣ ಗಟ್ಟಿಯಾಗಿ ಉಳಿದ ಕಡೆ ಅದನ್ನು ಪೂರ್ತಿ ತೆಗೆಯಬೇಕಿಲ್ಲ, ಆದರೆ ಬಣ್ಣವೂ ಲೋಹವೂ ಸೇರುವ ಅಂಚಿನ ಮೇಲೆ ಕಣ್ಣು ಮುಚ್ಚಿ ಉಗುರು ಎಳೆದರೆ ಮೆಟ್ಟಿಲು ಸಿಗಬಾರದು. ಗುಳಿಗಳೊಳಗೆ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ತುಕ್ಕು ನಿವಾರಕ ಹಚ್ಚಿ, ಡಬ್ಬದ ಮೇಲೆ ಹೇಳಿದಂತೆ ತೊಳೆದು ಒಣಗಿಸಿ. ಬರಿ ಉಕ್ಕು ನಮ್ಮ ಹವೆಯಲ್ಲಿ ಒಂದು ರಾತ್ರಿ ಕಳೆದರೆ ಮತ್ತೆ ಹಳದಿ ತಿರುಗುತ್ತದೆ, ಆದ್ದರಿಂದ ಉಜ್ಜಿದ ದಿನವೇ ಪ್ರೈಮರ್ ಬೀಳಬೇಕು.

ಪ್ರೈಮರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಗೇಟು, ಗ್ರಿಲ್ಲುಗಳಿಗೆ ಬಳಿಯುವ ರೆಡ್ ಆಕ್ಸೈಡ್ ಅಗ್ಗ, ಎಲ್ಲೆಡೆ ಸಿಗುತ್ತದೆ, ಆದರೆ ಸಾಧಾರಣ ದರ್ಜೆಯದು ನೀರನ್ನು ಒಳಬಿಡುತ್ತದೆ. ಕೆಸರಿನಲ್ಲಿ ಹೂತು ಓಡಾಡುವ ಚಕ್ರಕ್ಕೆ ಎರಡು ಡಬ್ಬಗಳಲ್ಲಿ ಬರುವ ಎಪಾಕ್ಸಿ ಪ್ರೈಮರನ್ನೇ ಹೊಡೆಯಿರಿ. ಗಟ್ಟಿಕಾರಕವನ್ನು ಡಬ್ಬದ ಮೇಲಿನ ಅಳತೆಗೇ ಬೆರೆಸಿ. ಅಂದಾಜಿನಲ್ಲಿ ಹೆಚ್ಚು ಸುರಿದರೆ ಬೇಗ ಒಣಗುತ್ತದೆಂಬುದು ತಪ್ಪು ತಿಳಿವಳಿಕೆ. ಮೇಲಿನ ಬಣ್ಣ ಸ್ಪ್ರೇ ಕ್ಯಾನಿನದಾದರೂ ಸಾಕು. ಕ್ಯಾನನ್ನು ಎರಡು ನಿಮಿಷ ಕುಲುಕಿ, ರಿಮ್ಮಿನಿಂದ 25 ರಿಂದ 30 ಸೆಂಟಿಮೀಟರ್ ದೂರ ಹಿಡಿದು, ರಿಮ್ಮಿನ ಆಚೆಯಿಂದಲೇ ಒತ್ತಲು ಶುರುಮಾಡಿ ಈಚೆ ದಾಟಿದ ಮೇಲೆ ಬೆರಳು ಬಿಡಿ. ಮೊದಲ ಕೋಟಿನಲ್ಲಿ ಪ್ರೈಮರ್ ಮಬ್ಬಾಗಿ ಕಾಣುತ್ತಿರಬೇಕು. ಹತ್ತು ಹದಿನೈದು ನಿಮಿಷ ಬಿಟ್ಟು ಎರಡನೆಯದು, ಹಾಗೆಯೇ ಮೂರನೆಯದು. ಮುಟ್ಟಿದರೆ ಅಂಟದಿರುವುದಕ್ಕೂ ಗಟ್ಟಿಯಾಗುವುದಕ್ಕೂ ಬಹಳ ವ್ಯತ್ಯಾಸವಿದೆ, ಆದ್ದರಿಂದ ಟೈರ್ ಏರಿಸುವ ಮೊದಲು ಒಂದು ವಾರ ಬಿಸಿಲಿನ ಆಸರೆಯಲ್ಲಿ ಬಿಡಿ.

ಸ್ಪ್ರೇ ಗನ್ ಮತ್ತು ಕಂಪ್ರೆಸರ್ ಇದೆಯೆಂದು ಗ್ಯಾರೇಜಿನ ಗಟ್ಟಿಕಾರಕ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣವನ್ನು ಮನೆಯಲ್ಲಿ ಹೊಡೆಯಲು ಹೋಗಬೇಡಿ. ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ, ಅದರ ಮಂಜು ಉಬ್ಬಸ ತರಬಲ್ಲದು. ಮೂಗಿಗೆ ಕಟ್ಟಿದ ಟವೆಲು ಅದನ್ನು ತಡೆಯುವುದಿಲ್ಲ. ನನ್ನ ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬರು ಈ ಕಾರಣಕ್ಕೇ ಕಸುಬು ಬಿಟ್ಟರು.

ಹಾನುಬಾಳಿನ ಬೆಳೆಗಾರ್ತಿ

ಹಾಸನದ ಅಣ್ಣ ಎಲ್ಲವನ್ನೂ ಬಿಡಿಸಿ ಹೇಳಿದ್ದಾರೆ. ಆದರೆ ಗೋಣಿಬೀಡಿನವರು ಕಂಡ ಆ ಕೆಂಪು ಚುಕ್ಕೆಗಳು ಏನೆಂಬುದನ್ನು ನಾನು ಬಲ್ಲೆ, ಏಕೆಂದರೆ ಸಕಲೇಶಪುರದ ಈ ಕಡೆ ನಮ್ಮ ಟ್ರೇಲರಿನ ರಿಮ್ಮುಗಳಲ್ಲಿಯೂ ಅವು ಕಾಣಿಸಿಕೊಂಡಿದ್ದವು. ಅದು ತಾಮ್ರವೇ. ನಿಮ್ಮ ಡ್ರಮ್ಮಿನಿಂದ ತುಳುಕಿದ, ಗಿಡದ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತದಿಂದ (ತಾಮ್ರದ ಸಲ್ಫೇಟಿನಿಂದ) ಬಂದದ್ದು.

ಬೋರ್ಡೋ ತಯಾರಿಸುವಾಗ ನಮ್ಮ ಮಾವನವರು ಮಾಡುತ್ತಿದ್ದ ಪರೀಕ್ಷೆ ನಿಮ್ಮ ತೋಟದಲ್ಲಿಯೂ ನಡೆದೇ ಇರುತ್ತದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಹಾಕಿ ಶೇಕಡಾ 1ರ ದ್ರಾವಣ ಮಾಡಿದ ಮೇಲೆ, ಉಜ್ಜಿ ಹೊಳಪು ಮಾಡಿದ ಚಾಕುವಿನ ಅಲಗನ್ನು ಅದರಲ್ಲಿ ಅದ್ದಿ ಒಂದು ನಿಮಿಷ ಹಿಡಿಯುತ್ತಿದ್ದರು. ಅಲಗು ಕೆಂಪಾದರೆ ಸುಣ್ಣ ಸಾಲದು, ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದರ್ಥ. ಕಬ್ಬಿಣ ತಾನು ಕರಗಿ ನೀರಿಗೆ ಹೋಗಿ, ನೀರಿನಲ್ಲಿದ್ದ ತಾಮ್ರವನ್ನು ತನ್ನ ಮೈಮೇಲೆ ಕೂರಿಸಿಕೊಂಡಾಗ ಹಾಗಾಗುತ್ತದೆ. ಚಾಕುವಿಗೆ ಒಂದು ನಿಮಿಷದಲ್ಲಿ ಆಗುವುದು, ಬಣ್ಣ ಚಕ್ಕೆಯೆದ್ದ ರಿಮ್ಮಿಗೆ ನಾಲ್ಕು ತಿಂಗಳಲ್ಲಿ ಆಗದಿರುತ್ತದೆಯೆ? ಹಾಗೆ ಕೂತ ತಾಮ್ರ ಸುತ್ತಲಿನ ಕಬ್ಬಿಣವನ್ನು ಇನ್ನೂ ಬೇಗ ತಿನ್ನಿಸುತ್ತದೆ. ಸರಿಯಾಗಿ ಸುಣ್ಣ ಬಿದ್ದ ದ್ರಾವಣವೂ ಪೂರ್ತಿ ನಿರಪಾಯವಲ್ಲ. ಎಲೆಯ ಮೇಲೆ ಅಂಟಿ ಕುಳಿತು ಮಳೆ ಬಿದ್ದಂತೆಲ್ಲ ಸ್ವಲ್ಪ ಸ್ವಲ್ಪವೇ ತಾಮ್ರ ಬಿಟ್ಟುಕೊಡುವುದರಿಂದಲೇ ಅದು ಎಲೆತುಕ್ಕು ರೋಗವನ್ನು ತಡೆಯುತ್ತದೆ, ರಿಮ್ಮಿನ ಮೂಲೆಯಲ್ಲಿ ಒಣಗಿದ ನೀಲಿ ಪದರವೂ ಅದೇ ಕೆಲಸ ಮಾಡುತ್ತದೆ. ಗಿಡದ ತುಕ್ಕಿಗೆ ಹೊಡೆದ ಮದ್ದು ಕಬ್ಬಿಣಕ್ಕೆ ತುಕ್ಕು ತರುವುದನ್ನು ಕಂಡು ನನಗೆ ಬಹಳ ದಿನ ಆಶ್ಚರ್ಯವಾಗಿತ್ತು.

ಪೊಟ್ಯಾಷ್ ಗೊಬ್ಬರವೂ ಇದಕ್ಕೆ ಸಹಾಯ ಮಾಡುತ್ತದೆ. ಎಂಒಪಿ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಹತ್ತಿರದ ನೆಂಟ. ಅದರ ಪುಡಿ ಬಣ್ಣದ ಕೆಳಗೆ ಉಳಿದರೆ ತೇವವನ್ನು ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ತಿನ್ನರಿಗೆ ಅದು ಕರಗುವುದಿಲ್ಲ, ನೀರಿಗೇ ಕರಗಬೇಕು. ಆದ್ದರಿಂದ ಉಪ್ಪು ಕಾಗದ ಹಿಡಿಯುವ ಮೊದಲೊಮ್ಮೆ, ಹಿಡಿದ ಮೇಲೊಮ್ಮೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ತಡಮಾಡದೆ ಬಟ್ಟೆಯಿಂದ ಒರೆಸಿ ಬಿಸಿಲಿಗಿಡಿ. ಕೆಂಪು ಚುಕ್ಕೆಗಳನ್ನು ಒಂದೂ ಬಿಡದೆ ಉಜ್ಜಿ ತೆಗೆಯಬೇಕು. ಮುಂದೆಯೂ ಔಷಧಿ ಹೊಡೆದ ದಿನ ಸಂಜೆ, ಗೊಬ್ಬರ ಹಾಕಿದ ದಿನ ಸಂಜೆ ಚಕ್ರಗಳಿಗೆ ನೀರು ಹಾಯಿಸುವುದನ್ನು ರೂಢಿ ಮಾಡಿಕೊಳ್ಳಿ.

ಇನ್ನೊಂದು ಮಾತು. ಮನೆಯಲ್ಲಿ ಮಕ್ಕಳಿದ್ದರೆ ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ, ವಾಟರ್ ಪೇಪರ್ ಹಿಡಿದು ನೀರು ಹಾಕಿಕೊಂಡು ಉಜ್ಜಿ. ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ಕೇಂದ್ರದ ನಿಯಮ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆಯಾದರೂ ಅದು ಮನೆಗೆ ಬಳಿಯುವ, ಅಲಂಕಾರದ ಬಣ್ಣಗಳಿಗೆ ಮಾತ್ರ ಅನ್ವಯಿಸುತ್ತದೆ. ಹಳೆಯ ಗಾಡಿಯ ಬಣ್ಣದ ಧೂಳು ಕಾಫಿ ಕಣದಲ್ಲಿ, ಅಂಗಳದಲ್ಲಿ ಹರಡುವುದು ಬೇಡ.

ಕೊಪ್ಪದ ಅಡಿಕೆ ಬೆಳೆಗಾರ

ಅಕ್ಕನ ಮಾತು ಓದಿ ನನ್ನ ತಪ್ಪೂ ನನಗೆ ತಿಳಿಯಿತು. ನಮ್ಮದು ಅಲ್ಯೂಮಿನಿಯಂ ಅಲಾಯ್ ಚಕ್ರ. ಅಡಿಕೆಯ ಕೊಳೆರೋಗಕ್ಕೆ ವರ್ಷಕ್ಕೆ ಎರಡು ಮೂರು ಸಲ ಬೋರ್ಡೋ ಹೊಡೆಯುವುದರಿಂದ ರಿಮ್ಮಿನ ಮೇಲೆ ಬಿಳಿ ಪುಡಿ ಮತ್ತು ಸಾಸಿವೆ ಗಾತ್ರದ ಗುಳಿಗಳು ಎದ್ದಿದ್ದವು. ಹಳೆಯ ಬಣ್ಣ ಸುಲಭವಾಗಿ ಬಿಡಲೆಂದು ಕಾಸ್ಟಿಕ್ ಸೋಡಾ ಕಲಸಿ ಹಚ್ಚಿದೆ. ನೊರೆ ಉಕ್ಕಿ, ರಿಮ್ಮು ಮುಟ್ಟಲಾಗದಷ್ಟು ಬಿಸಿಯಾಗಿ, ಕೊನೆಗೆ ಇಡೀ ಮೈ ಕಪ್ಪಾಗಿ ಒರಟಾಯಿತು.

ಉಕ್ಕಿನ ರಿಮ್ಮಿನವರಿಗೆ ಒಂದು ಕುತೂಹಲದ ಪ್ರಶ್ನೆ. ಅಡಿಕೆ ಬೇಯಿಸಿದ ಚೊಗರು ಕಬ್ಬಿಣದ ಮೇಲೆ ಬಿದ್ದರೆ ಮಸಿಯಂತೆ ಕಪ್ಪು ಹಿಡಿಯುತ್ತದೆ. ಪೇಟೆಯಲ್ಲಿ ಸಿಗುವ ಕೆಲವು ತುಕ್ಕು ಪರಿವರ್ತಕಗಳೂ ಹಾಗೆಯೇ ಕಪ್ಪಾಗುತ್ತವೆ. ಚೊಗರನ್ನೇ ಹಚ್ಚಬಹುದೆ?

ಹಾಸನದ ಪೇಂಟರ್

ಕೊಪ್ಪದವರು ಗಮನಿಸಿದ್ದು ಸರಿಯಾಗಿದೆ. ಚೊಗರಿನಲ್ಲಿಯೂ ಆ ಪರಿವರ್ತಕಗಳಲ್ಲಿಯೂ ಇರುವುದು ಟ್ಯಾನಿನ್, ತುಕ್ಕಿನೊಡನೆ ಸೇರಿದಾಗ ಅದು ಕಪ್ಪಾಗುತ್ತದೆ. ಆದರೆ ಚೊಗರಿನಲ್ಲಿ ಬೇರೆ ಅಂಟು ಪದಾರ್ಥಗಳೂ ಇರುವುದರಿಂದ ಬಣ್ಣದ ಕೆಳಗೆ ಅದನ್ನು ನಾನು ನಂಬುವುದಿಲ್ಲ. ಅಳತೆಯಲ್ಲಿ ತಯಾರಾದ ಡಬ್ಬವನ್ನೇ ಬಳಸಿ.

ಅಲ್ಯೂಮಿನಿಯಮ್ಮಿಗೆ ಕಾಸ್ಟಿಕ್ ಸೋಡಾ ಎಂದೂ ಕೂಡದು. ಅದು ಲೋಹವನ್ನೇ ಕರಗಿಸಿ ಹೈಡ್ರೋಜನ್ ಅನಿಲ ಬಿಡುತ್ತದೆ, ನೀವು ಕಂಡ ನೊರೆ ಅದೇ. ಬೋರ್ಡೋದಲ್ಲಿ ತಾಮ್ರವೂ ಇದೆ, ಸುಣ್ಣದ ಕ್ಷಾರವೂ ಇದೆ, ಎರಡೂ ಅಲ್ಯೂಮಿನಿಯಮ್ಮಿಗೆ ಆಗದವು. ನಿಮ್ಮ ರಿಮ್ಮುಗಳನ್ನು ತೊಳೆದು, ಕಬ್ಬಿಣದ ತಂತಿ ಬ್ರಷ್ಷು ಮುಟ್ಟಿಸದೆ ನೈಲಾನ್ ಉಜ್ಜುಗ ಮತ್ತು ಉಪ್ಪು ಕಾಗದದಿಂದಲೇ ಉಜ್ಜಿ, ಅಲ್ಯೂಮಿನಿಯಮ್ಮಿಗೆಂದೇ ಬರುವ ಎಚಿಂಗ್ ಪ್ರೈಮರ್ (ಲೋಹದ ಮೈಯನ್ನು ತುಸು ಕೊರೆದು ಹಿಡಿದುಕೊಳ್ಳುವಂಥದ್ದು) ಅಥವಾ ಆ ಲೋಹಕ್ಕೂ ಆಗುತ್ತದೆಂದು ಡಬ್ಬದ ಮೇಲೆ ಬರೆದಿರುವ ಎಪಾಕ್ಸಿ ಹೊಡೆಯಿರಿ. ಗುಳಿಗಳು ನಟ್ಟಿನ ರಂಧ್ರದ ಬಳಿ ಆಳವಾಗಿದ್ದರೆ, ಅಥವಾ ಎಲ್ಲಿಯಾದರೂ ಕೂದಲೆಳೆಯ ಸೀಳು ಕಂಡರೆ, ಆ ಚಕ್ರಕ್ಕೆ ಬಣ್ಣದ ಖರ್ಚು ಬೇಡ, ಬದಲಾಯಿಸಿ.

ಚಿಕ್ಕಮಗಳೂರಿನ ಟೈರ್ ಅಂಗಡಿಯವ

ಗಾಳಿ ಇಳಿಯುವ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಎಟಿವಿ ಟೈರಿಗೆ ಟ್ಯೂಬ್ ಇರುವುದಿಲ್ಲ, ಗಾಳಿಯೂ ಬಹಳ ಕಡಿಮೆ, ಸಾಮಾನ್ಯವಾಗಿ 5 ಪಿಎಸ್‌ಐ ಆಸುಪಾಸು. ಟೈರಿನ ಅಂಚು ರಿಮ್ಮಿನ ಮೇಲೆ ಕೂರುವ ಪಟ್ಟಿಗೆ ನಾವು ಬೀಡ್ ಸೀಟ್ ಎನ್ನುತ್ತೇವೆ. ಅಲ್ಲಿ ತುಕ್ಕಿನ ಹಕ್ಕಳೆ ಎದ್ದಿದ್ದರೆ ಗಾಳಿ ಅದರ ಸಂದಿಯಿಂದ ಸೋರುತ್ತದೆ. ಸೋಪಿನ ನೀರನ್ನು ಆ ಸುತ್ತಿಗೆ ಬಳಿದು ನೋಡಿ, ಸಣ್ಣ ಗುಳ್ಳೆಗಳ ಸಾಲು ಕಾಣುತ್ತದೆ. ಹಾಗೆ ಕಂಡರೆ ಟೈರ್ ಬಿಚ್ಚಲೇಬೇಕು. ಬೀಡ್ ಸೀಟನ್ನು ನುಣ್ಣಗೆ ಉಜ್ಜಿ ಪ್ರೈಮರಿನ ಮೇಲೆ ಒಂದೇ ಒಂದು ತೆಳು ಕೋಟ್ ಹೊಡೆದರೆ ಸಾಕು, ಅಲ್ಲಿ ದಪ್ಪ ಬಣ್ಣ ಮತ್ತೆ ಸೋರಿಕೆಯನ್ನೇ ತರುತ್ತದೆ. ವಾಲ್ವನ್ನೂ ಹೊಸದು ಹಾಕಿಸಿ.

ಗಾಳಿ ಸೋರದ ಚಕ್ರಗಳಿಗೆ ಟೈರ್ ಬಿಚ್ಚದೆಯೂ ಬಣ್ಣ ಹೊಡೆಯಬಹುದು. ವಾಲ್ವಿನ ಒಳಪಿನ್ ತೆಗೆದು ಗಾಳಿ ಬಿಟ್ಟು, ಟೈರನ್ನು ಅಂಚಿನಲ್ಲಿ ಒತ್ತಿ, ರಿಮ್ಮಿಗೂ ರಬ್ಬರಿಗೂ ನಡುವೆ ಹಳೆಯ ಮದುವೆ ಕಾಗದಗಳನ್ನು ಒಂದರ ಮೇಲೊಂದು ಹತ್ತಿಸಿ ಸುತ್ತಲೂ ಸಿಗಿಸಿ. ಪತ್ರಿಕೆಯ ಹಾಳೆ ಬಾಗಿಬಿಡುತ್ತದೆ, ಮದುವೆ ಕಾಗದ ನೆಟ್ಟಗೆ ನಿಲ್ಲುತ್ತದೆ.

ಟೈರನ್ನು ಮತ್ತೆ ಕೂರಿಸುವಾಗ ಸೋಪಿನ ನೀರು ಹಚ್ಚಿ, ಪಕ್ಕದ ಗೋಡೆಯ ಮೇಲೆ ಅಚ್ಚಾಗಿರುವ ಗರಿಷ್ಠ ಒತ್ತಡವನ್ನು ಯಾವ ಕಾರಣಕ್ಕೂ ದಾಟಬೇಡಿ. ಒಳಗೆ ಪೆಟ್ರೋಲ್ ಚಿಮುಕಿಸಿ ಬೆಂಕಿ ತೋರಿಸಿ ಬೀಡ್ ಕೂರಿಸುವ ವಿಡಿಯೋಗಳನ್ನು ಹುಡುಗರು ನೋಡುತ್ತಾರೆ, ದಯವಿಟ್ಟು ಅದನ್ನು ಯಾರೂ ಮಾಡಬಾರದು. ಬಾಣದ ಗುರುತಿದ್ದರೆ ಅದು ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೇ ಇರಲಿ. ಕಾರಿನ ಗೇಜು 5 ಪಿಎಸ್‌ಐಯನ್ನು ಸರಿಯಾಗಿ ತೋರಿಸುವುದಿಲ್ಲ, ಕಡಿಮೆ ಒತ್ತಡದ್ದೇ ಬೇರೆ ಸಿಗುತ್ತದೆ.

ಗೋಣಿಬೀಡಿನ ಬೆಳೆಗಾರ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಕೆಲಸ ಮುಗಿಸಿ, ಒಂದು ಮಳೆಗಾಲವನ್ನೂ ಕಳೆದು ಈಗ ಬರೆಯುತ್ತಿದ್ದೇನೆ.

ಹಬ್ಬಿನ ಮುಖದ ಬಣ್ಣವನ್ನು ನಿಮ್ಮ ಉತ್ತರ ಓದಿದ ಸಂಜೆಯೇ ಉಜ್ಜಿ ತೆಗೆದೆ. ಎಡ ಹಿಂದಿನ ಚಕ್ರದಲ್ಲಿ ನಟ್ ಕೂರುವ ಬಾಯಿಯ ಸುತ್ತ ಬಣ್ಣ ಉಂಗುರದಂತೆ ಹಿಂಡಿಕೊಂಡು ಅಂಚಿಗೆ ತಳ್ಳಲ್ಪಟ್ಟಿತ್ತು, ಹಾಸನದ ಅಣ್ಣ ಬರೆದದ್ದನ್ನು ಕಣ್ಣಾರೆ ಕಂಡ ಹಾಗಾಯಿತು. ಬಣ್ಣದ ಕೆಲಸವನ್ನು ಫೆಬ್ರವರಿಯ ಮೊದಲ ವಾರ ಹಿಡಿದೆ. ಆಗ ಕಣದಲ್ಲಿ ರೊಬಸ್ಟಾ ಒಣಗುತ್ತಿತ್ತು. ತಿನ್ನರಿನ ವಾಸನೆ ಕಾಫಿಗೆ ಹತ್ತಬಾರದೆಂದು ಗಾಳಿಯ ಕೆಳದಿಕ್ಕಿಗಿದ್ದ ಹಳೆಯ ಕೊಟ್ಟಿಗೆಗೆ ಎಲ್ಲವನ್ನೂ ಸಾಗಿಸಿ, ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿ, ಅದು ಪೂರ್ತಿ ಆರಿದ ಮೇಲೆಯೇ ಶುರುಮಾಡಿದೆ. ಒದ್ದೆ ಬಟ್ಟೆಯ ಪರೀಕ್ಷೆ ಬೆಳಿಗ್ಗೆ ಒಂಬತ್ತಕ್ಕೆ ಸೋತಿತು, ಹತ್ತೂವರೆಗೆ ಎಂಟು ನಿಮಿಷದಲ್ಲಿ ಆರಿತು.

ಹಿಂದಿನ ಎರಡು ಚಕ್ರಗಳ ಟೈರ್ ಬಿಚ್ಚಿಸಿದೆ. ಮುಂದಿನ ಎರಡಕ್ಕೆ ನಮ್ಮ ತಂಗಿಯ ಮದುವೆಯಲ್ಲಿ ಉಳಿದಿದ್ದ ಕಾಗದಗಳು ಒದಗಿದವು. ಕೆಂಪು ಚುಕ್ಕೆಗಳನ್ನು ತೆಗೆಯುವುದೇ ಎಲ್ಲಕ್ಕಿಂತ ದೊಡ್ಡ ಕೆಲಸವಾಯಿತು. ನೋಡಲು ಹೋದಂತೆ ಭೂತಗನ್ನಡಿಯಲ್ಲಿ ಒಂದೊಂದಾಗಿ ಕಂಡವು, ಎರಡು ರಿಮ್ಮುಗಳಿಗೇ ಒಂದು ಇಡೀ ಹಗಲು ಹಿಡಿಯಿತು. ಎಪಾಕ್ಸಿ ಪ್ರೈಮರ್, ಮೇಲೆ ಮೂರು ತೆಳು ಕೋಟ್, ಹತ್ತು ದಿನ ಬಿಡುವು.

ಮಳೆಗೆ ಮುಂಚೆ ಮೇ ಕೊನೆಯಲ್ಲಿ ಬೋರ್ಡೋ ಹೊಡೆದಾಗ ಪ್ರತಿದಿನ ಸಂಜೆ ಚಕ್ರ ತೊಳೆಸಿದೆ. ಈಗ ಅಕ್ಟೋಬರ್. ಬಣ್ಣ ಎಲ್ಲಿಯೂ ಹಾಳೆಯಾಗಿ ಎದ್ದಿಲ್ಲ, ಹಿಂದಿನ ಚಕ್ರದ ಗಾಳಿ ತಿಂಗಳಿಗೆ ಅರ್ಧ ಪಿಎಸ್‌ಐಗಿಂತ ಹೆಚ್ಚು ಇಳಿಯುತ್ತಿಲ್ಲ, ನಟ್‌ಗಳು ಕದಲಿಲ್ಲ. ಬಲ ಮುಂದಿನ ಚಕ್ರದಲ್ಲಿ, ಕಾಗದ ಸರಿದು ಬಣ್ಣ ತೆಳುವಾಗಿ ಬಿದ್ದಿದ್ದ ಕಡೆ, ಕಲ್ಲು ತಾಗಿ ಬೆರಳುಗುರಿನಷ್ಟು ಜಾಗ ಕಿತ್ತು ತುಕ್ಕು ಕಾಣಿಸಿಕೊಂಡಿದೆ. ಸದ್ಯಕ್ಕೆ ಅದನ್ನು ಒಣಗಿಸಿ ಒಂದು ಹನಿ ಪ್ರೈಮರ್ ಮುಟ್ಟಿಸಿದ್ದೇನೆ. ಡಿಸೆಂಬರಿನಲ್ಲಿ ಆ ಚಕ್ರದ ಟೈರನ್ನೂ ಬಿಚ್ಚಿಸಿ, ಅಲ್ಲಿಂದ ಪುನಃ ಮಾಡುತ್ತೇನೆ.